ನಮ್ಮ ತಾರಿಗೊಂದು ಜೋಡಿ ದೋಣಿ ಕೊಡಿ

ಕಳೆದ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗ ತನ್ನ ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ನಮ್ಮನ್ನೆಲ್ಲ ಗೋವಾಕ್ಕೆ ಎಳೆದೊಯ್ದು, ಎರಡು ತಾಸಿಗೆ ಒಂದು ಕ್ಯಾಟಮರಾನ್ ಬಾಡಿಗೆ ಹಿಡಿದಿದ್ದ. ಬಾಡಿಗೆ ಎಷ್ಟೆಂದು ನಾನು ಕೇಳಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಕೆಲವು ಅಂಕಿಗಳು ತಿಳಿಯದಿದ್ದರೇ ಊಟ ರುಚಿಸುತ್ತದೆ. ಬೆಳ್ಳಗಿನ ದೋಣಿ, ಕೆಳಗೆ ಎರಡು ಒಡಲು, ನಡುವೆ ಮನೆಯ ಜಗಲಿಯಷ್ಟು ಅಗಲದ ಅಟ್ಟ. ಮುಂಭಾಗದಲ್ಲಿ ಎರಡೂ ಒಡಲಿನ ನಡುವೆ ಬಲೆ ಬಿಗಿದಿದ್ದರು. ಮಕ್ಕಳು ಅದರ ಮೇಲೆ ಬಿದ್ದು ಹೊರಳುತ್ತಿದ್ದವು, ಕೆಳಗೆ ನೀರು ಓಡುತ್ತಿತ್ತು.

ಕೂವೆಮರ ಇತ್ತು. ಹಾಯಿಯೂ ಇತ್ತು, ಆದರೆ ನೀಲಿ ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟಿದ್ದರು. ಎರಡೂ ತಾಸು ಡೀಸೆಲ್ ಎಂಜಿನ್ ಓಡಿತು, ಅದನ್ನೂ ಮುಳುಗಿಸುವಂತೆ ಹಿಂದಿ ಹಾಡು. ದೋಣಿಯ ಹುಡುಗನನ್ನು ಕೇಳಿದೆ, ‘ಹಾಯಿ ಬಿಚ್ಚೋದಿಲ್ಲವೇನೋ?’

‘ಗಾಳಿಗೆ ಕಾದ್ರೆ ಎರಡು ತಾಸಲ್ಲಿ ತಿರುಗಿ ಬರೋಕಾಗ್ತದಾ ಅಂಕಲ್? ಮುಂದಿನ ಪಾರ್ಟಿ ಜೆಟ್ಟಿ ಮೇಲೆ ನಿಂತಿರ್ತದೆ’ ಎಂದ. ಅಂಕೋಲೆಯ ಹುಡುಗ.

ಆ ವಿಹಾರದ ಬಗ್ಗೆ ಹೇಳಬೇಕಾದ್ದು ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನನ್ನ ಎದುರಿನ ಮೇಜಿನ ಮೇಲೆ ಲಿಂಬು ಸೋಡಾದ ಗ್ಲಾಸಿತ್ತು. ಡಾಲ್ಫಿನ್ ಬಂತೆಂದು ಯಾರೋ ಕೂಗಿದಾಗ ಇಪ್ಪತ್ತು ಜನವೂ ಒಂದೇ ಮಗ್ಗುಲಿಗೆ ನುಗ್ಗಿದರು. ನಾನು ಕಂಬಿ ಹಿಡಿದುಕೊಂಡೆ. ಹೊಳೆದಂಡೆಯಲ್ಲಿ ಹುಟ್ಟಿದವನ ಕೈ ಅದು, ಹೇಳದೆಯೇ ಹಿಡಿಯುತ್ತದೆ. ಆದರೆ ದೋಣಿ ವಾಲಲಿಲ್ಲ. ಗ್ಲಾಸಿನ ಸೋಡಾ ಒಂದು ಹನಿ ಚೆಲ್ಲಲಿಲ್ಲ. ಈ ದೋಣಿ ಇರಬೇಕಾದದ್ದು ಇಲ್ಲಲ್ಲ, ನಮ್ಮ ತದಡಿಯಲ್ಲಿ ಎಂದು ಆಗಲೇ ಅನಿಸಿತು.

ತದಡಿ ಇರುವುದು ಅಘನಾಶಿನಿ ಹೊಳೆಯ ದಂಡೆಯಲ್ಲಿ, ನನ್ನದೂ ಅದೇ ದಂಡೆಯ ಊರು. ಆಯಿಯ ತವರು ಆಚೆ ದಡ. ನಾನು ಚಿಕ್ಕವನಿದ್ದಾಗ ತಾರಿ ದಾಟುವುದೆಂದರೆ ಹುಟ್ಟು ಹಾಕುವ ದೋಣಿ. ಅದರ ನಿಯಮ ಒಂದೇ: ಅಲುಗಾಡಬಾರದು. ಒಬ್ಬ ಎದ್ದು ನಿಂತರೆ ಅಂಬಿಗ ಅವನ ವಂಶವನ್ನೆಲ್ಲ ನೆನೆಸಿ ಬೈಯುತ್ತಿದ್ದ. ಆಯಿ ಈ ದಡದಲ್ಲಿ ಕೂತವಳೇ ಕಣ್ಣು ಮುಚ್ಚಿ, ಆ ದಡದ ಕಲ್ಲಿಗೆ ದೋಣಿ ತಾಗಿದ ಸದ್ದು ಕೇಳಿದ ಮೇಲೆ ತೆರೆಯುತ್ತಿದ್ದಳು. ಎಪ್ಪತ್ತೆಂಟು ವರ್ಷ ಬದುಕಿದಳು, ನೂರಾರು ಸಲ ದಾಟಿರಬೇಕು. ನಡುಹೊಳೆ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಜೋಡಿ ಒಡಲಿನ ಗುಟ್ಟು ದೊಡ್ಡದೇನಲ್ಲ. ಬಸ್ಸಿನಲ್ಲಿ ಹಿಡಿಯಲು ಕಂಬಿ ಸಿಗದಿದ್ದರೆ ನಾವು ಕಾಲು ಅಗಲಿಸಿ ನಿಲ್ಲುತ್ತೇವಲ್ಲ, ಅಷ್ಟೇ. ಒಂಟಿ ಒಡಲಿನ ಹಾಯಿದೋಣಿ ನೆಟ್ಟಗೆ ನಿಲ್ಲಬೇಕಾದರೆ ಅದರ ಹೊಟ್ಟೆಯ ಕೆಳಗೆ ಸೀಸವನ್ನೋ ಕಬ್ಬಿಣವನ್ನೋ ತೂಗುಹಾಕಬೇಕು. ಜೋಡಿ ದೋಣಿ ನಿಲ್ಲುವುದು ಅಗಲದ ಬಲದಿಂದ. ಹೊರೆ ಇಲ್ಲದ ಕಾರಣ ಹಗುರ. ಒಡಲುಗಳು ಸಪೂರ, ಹಾಗಾಗಿ ನೀರನ್ನು ಸೀಳಿಕೊಂಡು ಹೋಗುತ್ತವೆ. ಎಬ್ಬಿಸುವ ತೆರೆ ಕಡಿಮೆ, ತಗ್ಗು ನೀರಿನಲ್ಲೂ ಸಾಗುತ್ತದೆ. ಒಂದು ಐಬಿದೆ, ಅದನ್ನು ಮುಚ್ಚಿಡಬಾರದು: ಸೀಸ ಹೊತ್ತ ದೋಣಿ ಮಗುಚಿದರೆ ತಾನೇ ಎದ್ದು ನಿಲ್ಲುತ್ತದೆ, ಜೋಡಿ ದೋಣಿ ಮಗುಚುವುದು ಅಪರೂಪ, ಮಗುಚಿತೋ ಹೊಟ್ಟೆ ಮೇಲಾದ ಆಮೆಯ ಹಾಗೆ ಮಲಗಿಬಿಡುತ್ತದೆ.

ಕ್ಯಾಟಮರಾನ್ ಎಂಬ ಪದ ಕೇಳಿದರೆ ನಮ್ಮವರಿಗೆ ಯಾವುದೋ ಯುರೋಪಿನ ಮಾಲು ಅನಿಸುತ್ತದೆ. ಬಿಡಿಸಿ ನೋಡಿ, ಕಟ್ಟು, ಮರ. ತಮಿಳಿನ ಕಟ್ಟುಮರಂ. ಒಂದಕ್ಷರ ಅರ್ಥ ಹೇಳಿಕೊಡಬೇಕಿಲ್ಲದ ಕನ್ನಡಿಗನೂ ಅದನ್ನು ‘ಕ್ಯಾಟ್’ ಎಂದು ಉಚ್ಚರಿಸಿ ಬೆಕ್ಕು ಮಾಡಿಕೊಂಡಿದ್ದಾನೆ. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ 1697ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಪುಸ್ತಕದಲ್ಲಿ ಕೋರಮಂಡಲ ತೀರದ ಈ ಮರಗಳ ಸುದ್ದಿ ಬರೆದ. ಮುಂದೆ ಇಂಗ್ಲಿಷರು ಅದೇ ಪದವನ್ನು ಜಗಳಗಂಟಿ ಹೆಂಗಸಿಗೆ ಬೈಗುಳವಾಗಿಯೂ ಬಳಸಿದರು. ಮರಕ್ಕೂ ಜಗಳಕ್ಕೂ ಎಲ್ಲಿಯ ನಂಟು ಎಂದು ನನ್ನ ಹೆಂಡತಿ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ, ಇದ್ದರೂ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಮೂರು ವರ್ಷ ಚೆನ್ನೈಯಲ್ಲಿದ್ದೆ. ಬೆಳಗಿನ ನಡಿಗೆ ಬೆಸೆಂಟ್ ನಗರದ ಕಡಲಂಚಿನಲ್ಲಿ. ಆಗಿನ್ನೂ ಮರಳಿನ ಮೇಲೆ ಸಾಲುಸಾಲು ಕಟ್ಟುಮರಗಳಿದ್ದವು. ನಾಲ್ಕೈದು ದಿಮ್ಮಿ, ಮುಂದಿನ ತುದಿ ಮೇಲಕ್ಕೆ ಬಾಗಿದ ಹಾಗೆ ಕೆತ್ತಿದ್ದು, ಹಗ್ಗದಿಂದ ಬಿಗಿದು ಕಟ್ಟಿದ್ದು. ಒಳಗು ಎಂಬುದೇ ಇಲ್ಲದ ದೋಣಿ ಅದು. ತೆರೆ ಮೇಲಿಂದ ಬಿದ್ದರೆ ನೀರು ದಿಮ್ಮಿಗಳ ಸಂದಿಯಲ್ಲಿ ಇಳಿದು ಹೋಗುತ್ತದೆ. ನೀರು ತುಂಬಿಕೊಳ್ಳಲು ಪಾತ್ರೆಯೇ ಇಲ್ಲದ ಮೇಲೆ ಮುಳುಗುವುದು ಹೇಗೆ? ಕಡಲಿಂದ ಬಂದವರು ಹಗ್ಗ ಬಿಚ್ಚಿ ದಿಮ್ಮಿಗಳನ್ನು ಬೇರೆಬೇರೆ ಮಾಡಿ ಬಿಸಿಲಿಗೆ ಒಣಗಿಸುತ್ತಿದ್ದರು. ನೀರು ಕುಡಿದ ಮರ ಭಾರ, ಒಣಗಿದರೆ ಮತ್ತೆ ಹಗುರ. ರಾತ್ರಿ ದೋಣಿ, ಹಗಲು ಸೌದೆ. ಇದಕ್ಕೆ ಬಳಸುವ ಮರಗಳಲ್ಲಿ ಹೆಬ್ಬೇವೂ ಒಂದು. ಇವತ್ತು ನಮ್ಮ ರೈತರು ಪ್ಲೈವುಡ್ ಕಾರ್ಖಾನೆಯವರ ಮಾತು ನಂಬಿ ಎಕರೆಗಟ್ಟಲೆ ಹಾಕುತ್ತಿದ್ದಾರಲ್ಲ, ಅದೇ. 2004ರ ಸುನಾಮಿಯ ಬಳಿಕ ಆ ಮರಳಿನ ಮೇಲೆ ಫೈಬರ್ ದೋಣಿಗಳು ಬಂದು ಕೂತವು.

ಇಲ್ಲೊಂದು ತಮಾಷೆಯಿದೆ. ಹೆಸರು ಚೋಳಮಂಡಲದ್ದು, ಆದರೆ ಇವತ್ತು ಆ ಹೆಸರಿನಲ್ಲಿ ಮಾರಾಟವಾಗುವ ಜೋಡಿ ಒಡಲಿನ ದೋಣಿ ಶಾಂತಸಾಗರದ ದ್ವೀಪದವರದು. ಎಲ್ಲವೂ ನಮ್ಮಲ್ಲೇ ಹುಟ್ಟಿತು ಎನ್ನುವವರು ಇದನ್ನು ಗಮನಿಸಬೇಕು. 1976ರಲ್ಲಿ ಹವಾಯಿಯ ಜನ ಹೋಕುಲೆಯಾ ಎಂಬ ಜೋಡಿ ದೋಣಿಯಲ್ಲಿ, ದಿಕ್ಸೂಚಿಯನ್ನೂ ನಕ್ಷೆಯನ್ನೂ ಬಳಸದೆ, ತಹೀತಿಗೆ ಹೋಗಿ ಮುಟ್ಟಿದರು. ನಾಲ್ಕು ಸಾವಿರ ಕಿಲೋಮೀಟರ್‌ಗೂ ಮಿಕ್ಕ ನೀರು, ಒಂದು ತಿಂಗಳಿಗೂ ಮಿಕ್ಕ ಪಯಣ. ದಾರಿ ತೋರಿದವನು ಮೈಕ್ರೊನೇಷಿಯಾದ ಪುಟ್ಟ ದ್ವೀಪ ಸತಾವಲ್‌ನ ಮಾವ್ ಪಿಯಾಯ್‌ಲುಗ್. ಅವನಿಗೆ ನಕ್ಷತ್ರಗಳ ಹುಟ್ಟು ಮುಳುಗು ಗೊತ್ತಿತ್ತು, ತೆರೆ ಯಾವ ಕಡೆಯಿಂದ ಬರುತ್ತಿದೆಯೆಂದು ಮೈಗೆ ತಿಳಿಯುತ್ತಿತ್ತು. ಹೋಕುಲೆಯಾ ಎಂದರೆ ನಾವು ಸ್ವಾತಿ ಎನ್ನುವ ನಕ್ಷತ್ರ. ಸ್ವಾತಿ ಹವಾಯಿಯ ನೆತ್ತಿಯ ಮೇಲೆ ಹಾದು ಹೋಗುತ್ತದಂತೆ, ಅದು ನೆತ್ತಿಗೆ ಬಂದರೆ ಊರು ಬಂತೆಂದು ಅರ್ಥ. ನಮಗೆ ಸ್ವಾತಿ ಎಂದರೆ ಮಳೆ, ಮುತ್ತು. ಅವರಿಗೆ ಮನೆ.

ಇನ್ನು ಪಂದ್ಯದ ಮಾತು. ಅದನ್ನು ನಾನು ಕಣ್ಣಾರೆ ನೋಡಿದ್ದು ಬಾಣಂತನದ ದೆಸೆಯಿಂದ.

2013ರ ಆಗಸ್ಟಿನಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಕ್ಯಾಲಿಫೋರ್ನಿಯಾಕ್ಕೆ ಹೋದೆವು. ಆ ಮನೆಯಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಮಗುವಿಗೆ ನೀರು ಹಾಕುವಾಗ ಹೊರಗಿರಬೇಕು, ಮಲಗಿರುವಾಗ ಸದ್ದು ಮಾಡಬಾರದು. ಅಳಿಯ ಸಾಫ್ಟ್‌ವೇರಿನವನು, ನನ್ನ ಪಾಡು ನೋಡಲಾರದೆ ‘ಬನ್ನಿ ಮಾವ, ದೋಣಿ ರೇಸ್ ತೋರಿಸ್ತೀನಿ’ ಎಂದು ಸ್ಯಾನ್‌ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋದ. ಅಮೆರಿಕಾಸ್ ಕಪ್. ದೋಣಿ ರೇಸ್ ಎಂದರೆ ನನ್ನ ಕಲ್ಪನೆಯಲ್ಲಿ ಬಿಳಿ ಹಾಯಿ, ನಿಧಾನ, ಬೈನಾಕ್ಯುಲರ್ ಹಿಡಿದ ಮುದುಕರು. ಕಂಡದ್ದು ಬೇರೆ. ಇಪ್ಪತ್ತೆರಡು ಮೀಟರ್ ಉದ್ದ, ಹದಿನಾಲ್ಕು ಮೀಟರ್ ಅಗಲದ ಕ್ಯಾಟಮರಾನ್. ಬಟ್ಟೆಯ ಹಾಯಿಯ ಬದಲು ನೆಟ್ಟಗೆ ನಿಲ್ಲಿಸಿದ ವಿಮಾನದ ರೆಕ್ಕೆ, ಹನ್ನೆರಡು ಮಹಡಿಯ ಕಟ್ಟಡದಷ್ಟು ಎತ್ತರ. ಗಾಳಿ ಏರಿದಂತೆ ಎರಡೂ ಒಡಲು ನೀರು ಬಿಟ್ಟು ಮೇಲೆದ್ದವು. ಕೆಳಗೆ ಕತ್ತಿಯಂಥ ಅಲಗುಗಳು ಮಾತ್ರ ನೀರಿನಲ್ಲಿ. ಗಾಳಿಯ ವೇಗಕ್ಕಿಂತ ಎರಡು ಪಟ್ಟು ಹೆಚ್ಚು ವೇಗದಲ್ಲಿ ಗಾಳಿಯಿಂದಲೇ ಓಡುವ ವಸ್ತು. ಕೊಟ್ಟ ಸಾಲಕ್ಕಿಂತ ಹೆಚ್ಚು ಅಸಲು ಹೇಗೆ ಬರುತ್ತದೆಂದು ನನ್ನ ಬ್ಯಾಂಕಿನ ತಲೆಗೆ ಹೊಳೆಯಲೇ ಇಲ್ಲ. ಅಳಿಯ ವಿವರಿಸಿದ. ತಲೆಯಾಡಿಸಿದೆ.

ನಾವು ಹೋದ ದಿನ ನ್ಯೂಜಿಲೆಂಡ್ ಗೆದ್ದಿತು. ಕೆಲವೇ ದಿನಗಳಲ್ಲಿ ಲೆಕ್ಕ 8–1 ಆಯಿತು. ಒಂಬತ್ತು ಗೆದ್ದವರಿಗೆ ಕಪ್. ಅಮೆರಿಕದ ಒರಾಕಲ್ ತಂಡಕ್ಕೆ ಮೊದಲೇ ಎರಡು ಅಂಕದ ದಂಡ ಬೇರೆ ಬಿದ್ದಿತ್ತು. ಸೆಪ್ಟೆಂಬರ್ ಇಪ್ಪತ್ತನೇ ತಾರೀಖು ನ್ಯೂಜಿಲೆಂಡಿನ ದೋಣಿ ಬಹಳ ಮುಂದಿತ್ತು, ಆದರೆ ಗಾಳಿ ಸತ್ತು 40 ನಿಮಿಷದ ಗಡುವು ಮೀರಿತೆಂದು ಆ ಪಂದ್ಯ ರದ್ದಾಯಿತು. ಅಲ್ಲಿಂದ ಮುಂದೆ ನಡೆದದ್ದನ್ನು ಅಡಿಗೆಮನೆಯ ಪಕ್ಕದ ಟೀವಿಯಲ್ಲಿ, ಸದ್ದು ಪೂರ್ತಿ ಇಳಿಸಿ ನೋಡಿದೆ. ಜಿಮ್ಮಿ ಸ್ಪಿಟ್‌ಹಿಲ್ ಎಂಬ ಆಸ್ಟ್ರೇಲಿಯಾದವನು ನಡೆಸುತ್ತಿದ್ದ ಒರಾಕಲ್ ದೋಣಿ ಸಾಲಾಗಿ ಎಂಟು ಪಂದ್ಯ ಗೆದ್ದು ಸೆಪ್ಟೆಂಬರ್ 25ರಂದು 9–8ಕ್ಕೆ ಕಪ್ ಉಳಿಸಿಕೊಂಡಿತು. ಅದರ ಹಿಂದಿನ ದಿನ ಒರಾಕಲ್ ಕಂಪನಿಯ ಒಡೆಯ ಲ್ಯಾರಿ ಎಲಿಸನ್ ತಾನು ಮಾಡಬೇಕಿದ್ದ ಭಾಷಣಕ್ಕೆ ಚಕ್ಕರ್ ಹೊಡೆದು ಪಂದ್ಯ ನೋಡಲು ಹೋಗಿದ್ದ, ಸಭಾಂಗಣದಲ್ಲಿ ಸಾವಿರಾರು ಜನ ಕಾದು ಕೂತಿದ್ದರು. ಅಳಿಯನಿಗೆ ಇದು ಭಾರೀ ಖುಷಿ ಕೊಟ್ಟಿತು. ನಮ್ಮ ಹೆಡ್ಡಾಫೀಸಿನವರು ಯಾರಾದರೂ ಯಕ್ಷಗಾನ ನೋಡಲು ಹೀಗೆ ತಪ್ಪಿಸಿಕೊಂಡಿದ್ದರೆ ನಾನೂ ಅವರನ್ನು ಇಷ್ಟಪಡುತ್ತಿದ್ದೆ.

ಅದೇ ಕೊಲ್ಲಿಯಲ್ಲಿ ಆ ವರ್ಷದ ಮೇ ತಿಂಗಳಲ್ಲಿ ಇದೇ ಜಾತಿಯ ದೋಣಿಯೊಂದು ಅಭ್ಯಾಸದ ವೇಳೆ ಮಗುಚಿ, ಒಲಿಂಪಿಕ್ ಚಿನ್ನ ಗೆದ್ದ ಬ್ರಿಟನ್ನಿನ ಆಂಡ್ರೂ ಸಿಂಪ್ಸನ್ ಅದರಡಿ ಸಿಕ್ಕಿ ಸತ್ತಿದ್ದ. ಗೆಲುವಿನ ಪಟಾಕಿ ಹೊಡೆಯುವಾಗ ಟೀವಿಯವರು ಅವನನ್ನು ನೆನೆಯುತ್ತಾರೇನೋ ಎಂದು ಕಾದೆ. ಅಷ್ಟರಲ್ಲಿ ಮಗು ಎದ್ದಿತು.

ಈ ದೋಣಿಗಳಿಗೂ ಪಂದ್ಯದ ದೊಡ್ಡವರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. 1876ರಲ್ಲಿ ನಥಾನಿಯಲ್ ಹೆರೆಶಾಫ್ ಎಂಬ ಇಪ್ಪತ್ತೆಂಟರ ಎಂಜಿನಿಯರ್ ನ್ಯೂಯಾರ್ಕಿನ ಪಂದ್ಯಕ್ಕೆ ಅಮರಿಲಿಸ್ ಎಂಬ ಜೋಡಿ ದೋಣಿ ತಂದು ಉಳಿದವರನ್ನೆಲ್ಲ ಹಿಂದೆ ಹಾಕಿದ. ಸೋತವರು ದೂರು ಕೊಟ್ಟರು, ಇದು ದೋಣಿಯೇ ಅಲ್ಲವೆಂದು ತೀರ್ಮಾನವಾಯಿತು, ಜೋಡಿ ಒಡಲಿಗೆ ಬಾಗಿಲು ಮುಚ್ಚಿತು. 1988ರಲ್ಲಿ ಇದೇ ಅಮೆರಿಕಾಸ್ ಕಪ್‌ಗೆ ನ್ಯೂಜಿಲೆಂಡ್ ಒಂಟಿ ಒಡಲಿನ ಭಾರೀ ದೋಣಿ ತಂದರೆ, ಅಮೆರಿಕದ ಡೆನಿಸ್ ಕಾನರ್ ಪುಟ್ಟ ಕ್ಯಾಟಮರಾನ್ ಇಳಿಸಿ ಸುಲಭವಾಗಿ ಗೆದ್ದ. ಆ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ತೇಲಾಡಿತು. ಒಲಿಂಪಿಕ್ಸ್ ಮಾತ್ರ 1976ರಲ್ಲೇ ಟೊರ್ನಾಡೊ ಎಂಬ ಕ್ಯಾಟಮರಾನನ್ನು ಒಳಗೆ ಕರೆದುಕೊಂಡಿತು. ಈಗಿನ ನ್ಯಾಕ್ರಾ 17ರಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು ಜೊತೆಯಾಗಿ ಓಡಿಸಬೇಕು. ಇಟಲಿಯ ರುಜೆರೊ ತೀತಾ ಮತ್ತು ಕತೆರೀನಾ ಬಾಂತಿ ಟೋಕಿಯೊದಲ್ಲೂ ಪ್ಯಾರಿಸ್ಸಿನಲ್ಲೂ ಚಿನ್ನ ಗೆದ್ದರು. ಸೈಲ್‌ಜಿಪಿ ಎಂಬ ಹೊಸ ಸರಣಿಯ ದೋಣಿಗಳು ತಾಸಿಗೆ ನೂರು ಕಿಲೋಮೀಟರ್ ಮುಟ್ಟುತ್ತವೆ. ಅಲ್ಲಿಗೆ ನನ್ನ ಆಸಕ್ತಿ ಮುಗಿಯಿತು. ಆ ವೇಗದಲ್ಲಿ ಹೊಳೆ ದಾಟುವವರು ನಮ್ಮಲ್ಲಿ ಯಾರೂ ಇಲ್ಲ.

ನಾನು ಮೆಚ್ಚುವ ವಿಲಾಸಿ ಕ್ಯಾಟಮರಾನ್ ಒಂದಿದ್ದರೆ ಅದು ಹೋಬಿ ಆಲ್ಟರನದ್ದು. ಕ್ಯಾಲಿಫೋರ್ನಿಯಾದಲ್ಲಿ ತೆರೆಸವಾರಿಯ ಹಲಗೆ ಮಾಡಿ ಮಾರುತ್ತಿದ್ದವನು ಅರವತ್ತರ ದಶಕದ ಕೊನೆಗೆ ಒಂದು ಪುಟ್ಟ ಜೋಡಿ ದೋಣಿ ಮಾಡಿದ. ಜೆಟ್ಟಿ ಬೇಡ, ಕ್ಲಬ್ಬಿನ ಚೀಟಿ ಬೇಡ, ಇಬ್ಬರು ಮರಳಿನ ಮೇಲಿಂದ ನೂಕಿದರೆ ತೆರೆ ಹಾರಿ ಹೋಗುತ್ತದೆ, ಹಾಗೆಯೇ ಮರಳಿಗೆ ಏರಿ ನಿಲ್ಲುತ್ತದೆ. ಅವನ ಹೋಬಿ 16 ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. ಸಾಹುಕಾರರ ಆಟವನ್ನು ಮೇಷ್ಟರೂ ಮೆಕ್ಯಾನಿಕ್ಕೂ ಆಡುವಂತೆ ಮಾಡಿದ ದೋಣಿ ಅದು. ಬೆಸೆಂಟ್ ನಗರದ ಮೀನುಗಾರ ತನ್ನ ದಿಮ್ಮಿಗಳನ್ನು ತೆರೆಯಾಚೆ ನೂಕುತ್ತಿದ್ದ ರೀತಿಗೆ, ಜಗತ್ತಿನ ಕ್ಯಾಟಮರಾನುಗಳಲ್ಲೆಲ್ಲ ಇದೇ ಹತ್ತಿರದ ಸಂಬಂಧಿ ಎಂದು ನನ್ನ ಲೆಕ್ಕ.

ಪ್ರಯಾಣಕ್ಕೆ ಬರೋಣ. 1990ರಲ್ಲಿ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಕಟ್ಟಿದ ಹೋವರ್‌ಸ್ಪೀಡ್ ಗ್ರೇಟ್ ಬ್ರಿಟನ್ ಎಂಬ ಕಾರು ಸಾಗಿಸುವ ಕ್ಯಾಟಮರಾನ್ ಅಟ್ಲಾಂಟಿಕ್ ಸಾಗರವನ್ನು ಮೂರು ದಿನ, ಎಂಟು ತಾಸಿನೊಳಗೆ ದಾಟಿ, 1952ರಿಂದ ಒಂದೇ ಹಡಗಿನ ಹೆಸರಿನಲ್ಲಿದ್ದ ದಾಖಲೆ ಮುರಿಯಿತು. ಅದೇ ಇನ್‌ಕ್ಯಾಟ್ ಕಾರ್ಖಾನೆ 2025ರಲ್ಲಿ 130 ಮೀಟರ್ ಉದ್ದದ, ಬರೀ ಬ್ಯಾಟರಿಯಿಂದ ಓಡುವ ಜೋಡಿ ಹಡಗನ್ನು ನೀರಿಗಿಳಿಸಿದೆ. ಅರ್ಜೆಂಟೀನಾ–ಉರುಗ್ವೆ ನಡುವೆ 2,100 ಜನರನ್ನು ದಾಟಿಸಲು. ದೊಡ್ಡ ತಾರಿ, ಅಷ್ಟೇ.

ನಮ್ಮವರಿಗೆ ಹೆಚ್ಚು ಗೊತ್ತಿರುವುದು ಅಂಡಮಾನಿನದು. ಎಲ್‌ಟಿಸಿಯಲ್ಲಿ ಹೋದ ಪ್ರತಿ ಕುಟುಂಬವೂ ಪೋರ್ಟ್‌ಬ್ಲೇರಿನಿಂದ ಹ್ಯಾವ್‌ಲಾಕಿಗೆ ಕ್ಯಾಟಮರಾನಿನಲ್ಲಿ ಹೋಗಿ ಬಂದಿರುತ್ತದೆ. ನಾವೂ ಹೋದೆವು. ಗಾಜು ಮುಚ್ಚಿದ ಎಸಿ ಕೋಣೆ, ಹೊರಗೆ ಅಡ್ಡ ಬೀಸುವ ತೆರೆ. ಜೋಡಿ ದೋಣಿ ಒಂಟಿ ದೋಣಿಯ ಹಾಗೆ ತೊಟ್ಟಿಲು ತೂಗುವುದಿಲ್ಲ, ಗುಂಡಿ ಬಿದ್ದ ರಸ್ತೆಯಲ್ಲಿ ಟೆಂಪೋ ಕುಲುಕಿದ ಹಾಗೆ ಚುಟುಕಾಗಿ ಕುಲುಕುತ್ತದೆ. ಅರ್ಧ ತಾಸಿನಲ್ಲಿ ಸಿಬ್ಬಂದಿ ಪ್ಲಾಸ್ಟಿಕ್ ಚೀಲ ಹಂಚಿದರು. ನಾನು ಎರಡು ಇಸಿದುಕೊಂಡೆ, ಎರಡೂ ಬೇಕಾದವು. ಹಾಗಾಗಿ ಜೋಡಿ ದೋಣಿಯಲ್ಲಿ ವಾಂತಿಯಾಗುವುದಿಲ್ಲ ಎಂದು ಮಾರಾಟಗಾರರು ಹೇಳಿದರೆ ನಂಬಬೇಡಿ. ತೆರೆದ ಕಡಲಿನ ಮಾತು ಬೇರೆ, ಹೊಳೆಯ ಮಾತು ಬೇರೆ.

ಹೊಳೆಯ ಮಾತು ಏನೆಂದು ತಿಳಿದದ್ದು ವೈಕ್ಕಂನಲ್ಲಿ. 2019ರಲ್ಲಿ ಮಹಾದೇವರ ದರ್ಶನ ಮುಗಿಸಿ, ವೆಂಬನಾಡು ಕಾಯಲು ದಾಟಿ ತವಣಕ್ಕಡವಿಗೆ ಹೋಗಲು ದಕ್ಕೆಗೆ ಬಂದೆವು. ಬಂದ ದೋಣಿ ಆದಿತ್ಯ. 2017ರ ಜನವರಿಯಿಂದ ಓಡುತ್ತಿರುವ, ದೇಶದ ಮೊದಲ ಸೌರ ತಾರಿ. ಎಪ್ಪತ್ತೈದು ಜನ ಹಿಡಿಸುವ ಜೋಡಿ ಒಡಲು, ಮಾಡಿನ ತುಂಬ ಸೌರಫಲಕ. ಎಂಜಿನ್ ಸದ್ದಿಲ್ಲದ ಕಾರಣ ಹೊರಟದ್ದೇ ಗೊತ್ತಾಗಲಿಲ್ಲ. ಡೀಸೆಲ್ ವಾಸನೆಯಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಯಾರದೋ ಮಗಳ ಮದುವೆಯ ಖರ್ಚಿನ ಲೆಕ್ಕ ಹೇಳುತ್ತಿದ್ದದ್ದು ಮಲಯಾಳದಲ್ಲಿದ್ದರೂ ನನಗೆ ಪೂರ್ತಿ ತಿಳಿಯಿತು. ಮೂರು ಕಿಲೋಮೀಟರ್, ಕಾಲು ತಾಸು, ಟಿಕೆಟ್ಟಿಗೆ ಚಿಲ್ಲರೆ ಕಾಸು. ಸರಕಾರಿ ದೋಣಿ ಎಂದು ನೆನಪಿರಲಿ. ಆಮೇಲೆ 2023ರ ಏಪ್ರಿಲ್‌ನಲ್ಲಿ ಕೊಚ್ಚಿಯ ವಾಟರ್ ಮೆಟ್ರೊ ಬಂತು. ಅಲ್ಲಿಯದೂ ಜೋಡಿ ಒಡಲು, ಬ್ಯಾಟರಿ, ಕೊಚ್ಚಿಯ ಹಡಗುಕಟ್ಟೆಯಲ್ಲೇ ಕಟ್ಟಿದ್ದು.

ನಮ್ಮಲ್ಲಿ ಈ ವಿದ್ಯೆ ಕಂಡೇ ಇಲ್ಲವೆಂದು ಹೇಳುವ ಹಾಗಿಲ್ಲ. ನೌಕಾಪಡೆಯ ಕಡಲ ಸಮೀಕ್ಷೆಯ ಹಡಗು ಐಎನ್‌ಎಸ್ ಮಕರ್ ಕ್ಯಾಟಮರಾನ್, 2012ರಲ್ಲಿ ಪಡೆಗೆ ಸೇರಿದ್ದು ನಮ್ಮ ಕಾರವಾರದಲ್ಲೇ. ಗೋಕರ್ಣದ ಮರಳಿನ ಮೇಲೆ ಒಂದು ಮಗ್ಗುಲಿಗೆ ಮರದ ತುಂಡು ಕಟ್ಟಿದ ಮೀನುದೋಣಿ ಇವತ್ತಿಗೂ ಕಾಣುತ್ತದೆ. ಅಗಲವೇ ಆಧಾರ ಎಂಬುದು ನಮ್ಮ ಹರಿಕಂತ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಆದರೂ ಕರಾವಳಿಯ ಪ್ರವಾಸೋದ್ಯಮ ಎಂಬ ಮಾತೆದ್ದಾಗೆಲ್ಲ ಮೇಜಿನ ಮೇಲೆ ಬರುವ ಚಿತ್ರ ಗೋವಾದ ಆ ಬಿಳಿ ದೋಣಿಯದೇ. ಹಾಯಿ ಕಟ್ಟಿಟ್ಟ, ಹಾಡು ಹಾಕಿದ ದೋಣಿ. ನನಗೆ ಅದರ ಮೇಲೆ ಹಗೆಯಿಲ್ಲ, ಮಲ್ಪೆಗೂ ಬರಲಿ, ಕಾರವಾರಕ್ಕೂ ಬರಲಿ, ಅಂಕೋಲೆಯ ಹುಡುಗನಿಗೆ ಅಂಕೋಲೆಯಲ್ಲೇ ಕೆಲಸ ಸಿಗಲಿ. ಮೊದಲ ಜೋಡಿ ದೋಣಿ ಮಾತ್ರ ತಾರಿಗೆ ಬರಲಿ ಎನ್ನುತ್ತೇನೆ. ತದಡಿಯಿಂದ ಅಘನಾಶಿನಿ ಊರು ಕಣ್ಣಿಗೆ ಕಾಣುತ್ತದೆ, ನಾಯಿ ಬೊಗಳಿದರೆ ಕೇಳುತ್ತದೆ. ರಸ್ತೆಯಲ್ಲಿ ಹೋಗಬೇಕೆಂದರೆ ಮಿರ್ಜಾನ್, ಕುಮಟಾ ಸುತ್ತಬೇಕು. ಸೇತುವೆ ಕಟ್ಟಿದರಾಯಿತಲ್ಲ ಎನ್ನುವವರಿದ್ದಾರೆ. ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆ ತೆರೆಯಿತು, ಸರಿ, ಲಾಂಚಿಗಾಗಿ ಅರವತ್ತು ವರ್ಷ ಕಾದ ಜನ ಅವರು, ಅವರಿಗೆ ಬೇಕಿತ್ತು. ಆದರೆ ಪ್ರತಿ ಅಳಿವೆಗೂ ನೂರಾರು ಕೋಟಿಯ ಸೇತುವೆ ಬರುವುದಿಲ್ಲ. ತದಡಿಗೆ ಬಂದರು ಬರುತ್ತದೆ, ವಿದ್ಯುತ್ ಸ್ಥಾವರ ಬರುತ್ತದೆ ಎಂದು ಕೇಳುತ್ತಲೇ ನಾನು ನಿವೃತ್ತನಾದೆ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಹೊಳೆ ತನ್ನ ಪಾಡಿಗೆ ಬಂದು ಕಡಲು ಸೇರುತ್ತದೆ. ಭರತ ಬಂದಾಗ ಉಪ್ಪುನೀರು ಗಜನಿ ಗದ್ದೆಗೆ ಏರುತ್ತದೆ, ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ಇಳಿತದಲ್ಲಿ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಾರೆ. ಎಂಜಿನ್ ದೋಣಿ ರಭಸದಿಂದ ಹೋದರೆ ಅದರ ತೆರೆ ಗಜನಿಯ ಕಟ್ಟೆಯನ್ನು ಕೆರೆಯುತ್ತದೆ, ಬಳಚು ಆಯುವವರ ಬುಟ್ಟಿ ಮಗುಚುತ್ತದೆ. ಸಪೂರ ಒಡಲಿನ, ತೆರೆ ಎಬ್ಬಿಸದ, ಎಣ್ಣೆ ಸೋರದ, ತಗ್ಗು ನೀರಿನಲ್ಲಿ ತೇಲುವ ದೋಣಿಯ ಗುಣಪಟ್ಟಿಯನ್ನು ಈ ಹೊಳೆಯನ್ನು ನೋಡಿಕೊಂಡೇ ಬರೆದಂತಿದೆ.

ಸಾಲ ಮಂಜೂರು ಮಾಡುವವನ ಕಣ್ಣಿನಿಂದಲೂ ನೋಡಿದ್ದೇನೆ. ಒಡಲು ಎರಡಾದರೆ ಮೋಟಾರೂ ಎರಡು, ಖರ್ಚು ಹೆಚ್ಚು. ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಅಗಲದ ದೋಣಿಗೆ ಅಗಲದ ದಕ್ಕೆ ಬೇಕು, ನಮ್ಮ ದಕ್ಕೆಯಲ್ಲಿ ಈಗಿರುವ ಬೋಟುಗಳೇ ಒಂದರ ಮೇಲೊಂದು ಬಿದ್ದಿವೆ. ಜೂನ್, ಜುಲೈಯಲ್ಲಿ ಸೌರಫಲಕಕ್ಕೆ ಸೂರ್ಯನೇ ಸಿಗುವುದಿಲ್ಲ, ದಡದಿಂದ ಕರೆಂಟು ಕೊಡಬೇಕು, ಆ ತಿಂಗಳುಗಳಲ್ಲಿ ಕರೆಂಟಿನದೂ ಅದೇ ಹಾಡು. ಟಿಕೆಟ್ ಕಾಸಿನಿಂದ ಬಡ್ಡಿಯೂ ಹುಟ್ಟದು. ನನ್ನ ಮೇಜಿಗೆ ಈ ಅರ್ಜಿ ಬಂದಿದ್ದರೆ ವ್ಯಾಪಾರದ ಸಾಲವೆಂದು ಖಂಡಿತ ತಿರಸ್ಕರಿಸುತ್ತಿದ್ದೆ. ರಸ್ತೆಯನ್ನೂ ನಾವು ಬಡ್ಡಿಗೆ ಕಟ್ಟುವುದಿಲ್ಲವಲ್ಲ. ಹೊಳೆಯ ಮೇಲಿನ ಈ ಒಂದು ಕಿಲೋಮೀಟರೂ ರಸ್ತೆಯೇ.

ಹೋದ ತಿಂಗಳು ತದಡಿ ದಕ್ಕೆಯಲ್ಲಿ ತಾರಿಗೆ ಕಾಯುತ್ತ ಇದನ್ನೆಲ್ಲ ದೋಣಿಯವನಿಗೆ ಹೇಳಿದೆ. ಮೊಬೈಲಿನಲ್ಲಿ ಆದಿತ್ಯದ ಫೋಟೊ ತೋರಿಸಿದೆ. ಅವನು ಬೆರಳಿನಿಂದ ದೊಡ್ಡದು ಮಾಡಿ, ಮೊದಲು ಒಡಲು ನೋಡಿದ, ಆಮೇಲೆ ಮಾಡು ನೋಡಿದ. ಬಿಸಿಲಿಗೆ ಕಾಣದೆ ಅಂಗೈ ಅಡ್ಡ ಹಿಡಿದು ಮತ್ತೊಮ್ಮೆ ನೋಡಿದ. ಅವನ ದೋಣಿಯಲ್ಲಿ ಆಗಲೇ ಮೂರು ಬೈಕು, ಎರಡು ಮೀನುಬುಟ್ಟಿ, ಗೋಕರ್ಣದಿಂದ ಬಂದ ಬೆನ್ನುಚೀಲದ ಇಬ್ಬರು ಹುಡುಗಿಯರು ಇದ್ದರು.

‘ಚಂದ ಉಂಟು ಮೇನೇಜರ್ರೇ’ ಎಂದು ಫೋನು ವಾಪಸು ಕೊಟ್ಟ. ‘ಆದ್ರೆ ಇದ್ರಲ್ಲಿ ಬೈಕು ಎಲ್ಲಿಡೂದು?’